ಮದುವೆ ಕಾರ್ಡಿನ ಪ್ರೆಸ್ಸಿಗೆ ಬಂದ ಪುಟಾಣಿ ಲೇಖಕರು

ಮಳವಳ್ಳಿ ಪೇಟೆಯಲ್ಲಿ ಪ್ರೆಸ್ಸು ಇಟ್ಟುಕೊಂಡವಳು ನಗಲಿಕ್ಕೆ ಅಂತ ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ನಗುವೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ನಾನು ಕಂಪ್ಯೂಟರಿನ ಮುಂದೆ, ನಮ್ಮ ಯಜಮಾನರು ಮಿಶನ್ನಿನ ಮುಂದೆ. ಮದುವೆ ಕಾರ್ಡು, ಬೀಗರೂಟದ ಕಾರ್ಡು, ತಿಥಿ ಕಾರ್ಡು, ಇಷ್ಟರಲ್ಲೇ ಸಂಸಾರ ನಡೆದಿತ್ತು.

ಹೋದ ವರ್ಷ ಇಲ್ಲಿನ ಒಂದು ಶಾಲೆಯ ಹೆಡ್ಮಾಸ್ಟರಿಗೆ ಒಂದು ಯೋಚನೆ ಬಂತು. ಆರನೇ ಕ್ಲಾಸಿನ ಪ್ರತಿ ಮಗುವೂ ಒಂದು ಪುಸ್ತಕ ಬರೆಯಬೇಕು, ಅಚ್ಚು ಹಾಕಿಸಬೇಕು, ಶಾಲೆಯ ಮೇಳದಲ್ಲಿ ಮೇಜು ಹಾಕಿಕೊಂಡು ತಾನೇ ಮಾರಬೇಕು. ಮೇಳದ ಹೆಸರು ‘ಪುಟಾಣಿ ಲೇಖಕ, ಪುಟಾಣಿ ಉದ್ಯಮಿ’. ಕೆಲಸ ನನಗೇ ಬಂತು. ನನಗೆ ನಿಜವಾಗಿ ಸಂತೋಷವಾಯಿತು. ಮಗು ಬರೆದದ್ದನ್ನು ಮಗು ಬರೆದ ಹಾಗೇ ಅಚ್ಚು ಹಾಕುವುದು ಅಂದರೆ, ಕಾರ್ಡು ಹೊಡೆದು ಬೇಸತ್ತವಳಿಗೆ ಹಬ್ಬವಲ್ಲವೇ? ಅಂಥ ಒಂದು ಪುಸ್ತಕವಾದರೂ ನನ್ನ ಕೈಯಿಂದ ಆಚೆ ಹೋಗಲಿ ಅಂತ ಆಸೆಪಟ್ಟೆ. ಆಸೆಪಟ್ಟ ಮೇಲೆ ಅನುಭವಿಸಬೇಕಲ್ಲ.

೧. ಕತೆಗೆ ಜಾಗ

ಮೊದಲು ಬಂದವರು ಭಾರತೀನಗರದ ಕಡೆಯ ಒಬ್ಬ ತಂದೆ. ಮಗನ ಪುಸ್ತಕ ಇಪ್ಪತ್ತನಾಲ್ಕು ಪುಟ ಅಂತ ಮಾತಾಗಿತ್ತು. ಜೇಬಿನಿಂದ ಒಂದು ಪಟ್ಟಿ ತೆಗೆದರು.

“ಮೊದ್ಲು ನಮ್ಮಪ್ಪ, ನಮ್ಮವ್ವನ ಪೋಟ ಬರ್ಲಿ ಕಣಕ್ಕ. ಆಮೇಲೆ ಚಿಕ್ಕಪ್ಪದೀರು, ದೊಡ್ಡಪ್ಪದೀರು. ಸೋದರಮಾವನ ಎಸ್ರು ವಸಿ ದಪ್ಪಕ್ಕೆ ಆಕು. ನಮ್ಮ ತಂಗಿ ಮದ್ವೆ ಕಾರ್ಡಲ್ಲಿ ಸಣ್ಣಕ್ಕೆ ಬಂತು ಅಂತ ಊಟ ಮಾಡ್ದೆ ಎದ್ದೋದ.”

ನಾನು ಹಾಕುತ್ತಾ ಹೋದೆ. ಅತ್ತೆಯರು, ಷಡ್ಡಕರು, ಊರಿನ ಹತ್ತು ಸಮಸ್ತರು, ಕೊನೆಗೆ ‘ನಿಮ್ಮ ಸುಖಾಗಮನ ಬಯಸುವವರು’ ಅನ್ನುವ ಸಾಲೂ ಬಂತು. ಹತ್ತೊಂಬತ್ತು ಪುಟ ಮುಗಿದವು.

“ಅಣ್ಣ, ಕತೆ ಎಲ್ಲಿ?” ಅಂದೆ.

“ಕತೆ ಮನೇಲದೆ. ಮೊದ್ಲು ಇವ್ರನ್ನೆಲ್ಲ ಕೂರ್ಸವ್ವ. ಜಾಗ ಮಿಕ್ರೆ ಅದ್ನೂ ಆಕಾನ.”

ಪುಸ್ತಕ ಹೊರಗೆ ಬಂದ ವಾರಕ್ಕೆ ಆ ಹುಡುಗನ ಸೋದರಮಾವ ಫೋನು ಮಾಡಿದರು. ಅಳಿಯನ ಕತೆ ಹೇಗಿತ್ತು ಅಂತ ಕೇಳಿದೆ.

“ಯಾವ ಕತೆ? ನನ್ನೆಸ್ರು ಮೂರ್ನೇ ಪುಟಕ್ಕೆ ಯಾಕೋಯ್ತು, ಅದ್ನ ಯೋಳು.”

೨. ಹನ್ನೊಂದು ಸಿಂಹಗಳು

ನೌಕರಿಯಲ್ಲಿರುವ ತಂದೆತಾಯಿಗಳ ದಾರಿ ಬೇರೆ. ಅವರು ಫೋನಿಗೆ ‘ಮಕ್ಕಳಿಗೆ ಒಂದು ಕತೆ’ ಅಂತ ಹೇಳುತ್ತಾರೆ, ಅದು ಬರೆದುಕೊಡುತ್ತದೆ. ಹಾಗಾಗಿ ಒಂದೇ ವಾರದಲ್ಲಿ ನನ್ನ ಕಂಪ್ಯೂಟರಿಗೆ ಹನ್ನೊಂದು ಸಿಂಹ ಬಂದವು. ಹನ್ನೊಂದೂ ಮೊದಲು ಅಹಂಕಾರಿಗಳು, ಹನ್ನೊಂದಕ್ಕೂ ಹನ್ನೆರಡನೇ ಪುಟದಲ್ಲಿ ಬುದ್ಧಿ ಬಂತು.

ಒಬ್ಬ ತಾಯಿ ಪ್ರೂಫ್ ನೋಡಲು ಬಂದರು. ಜೊತೆಗೆ ಲೇಖಕನೂ ಇದ್ದ. ತಾಯಿ, “ಇವನಿಗೆ ಚಿಕ್ಕಂದಿನಿಂದ ಬರೆಯೋ ಹುಚ್ಚು ಮೇಡಂ, ಬೇಡ ಅಂದರೂ ಬಿಡಲ್ಲ” ಅಂದರು. ಲೇಖಕ ಗೇಮ್ ಆಡುತ್ತಿದ್ದ. ತಾಯಿ ಲೇಖಕನ ಫೋಟೋ ಆರಿಸುವುದರಲ್ಲಿ ಮುಳುಗಿದಾಗ ಅವನು ನಿಧಾನಕ್ಕೆ ನನ್ನ ಕುರ್ಚಿಯ ಹತ್ತಿರ ಬಂದು, ತಾಯಿಗೆ ಕೇಳಿಸದ ಹಾಗೆ ವಿಚಾರಿಸಿದ:

“ಆಂಟಿ, ನನ್ನ ಪುಸ್ತಕದಲ್ಲಿ ಕೊನೇಗೆ ಸಿಂಹ ಸಾಯ್ತದಾ?”

೩. ಉಚಿತ ಕೊಡುಗೆ

ಮೇಳದ ದಿನ ನಾನೂ ಹೋಗಿದ್ದೆ. ಮೇಜುಗಳ ಸಾಲಿನಲ್ಲಿ ಸೂಟು ಹಾಕಿದ ಉದ್ಯಮಿಗಳು ಬೆವರುತ್ತಾ ನಿಂತಿದ್ದರು. ಕೊಳ್ಳುವವರು ಯಾರು? ಉಳಿದ ಉದ್ಯಮಿಗಳ ಅಪ್ಪಂದಿರು. ನೀವು ನಮ್ಮದೊಂದು ತಗೊಳ್ಳಿ, ನಾವು ನಿಮ್ಮದೊಂದು ತಗೋತೀವಿ, ಮದುವೆಯ ಮುಯ್ಯಿ ಇದ್ದಂತೆ.

ಮದ್ದೂರಿನಿಂದ ಬರುವ ಒಬ್ಬ ಹುಡುಗಿಯ ತಂದೆ ಮಾತ್ರ ಚಾಲಾಕಿ. ಬೆಳಿಗ್ಗೆ ಬಸ್ಸಿನಲ್ಲೇ ಒಂದು ಬುಟ್ಟಿ ವಡೆ ತಂದಿದ್ದರು. ಪುಸ್ತಕ ಕೊಂಡರೆ ವಡೆ ಉಚಿತ ಅಂತ ಬೋರ್ಡು. ಜನ ಮುತ್ತಿದರು. ಒಬ್ಬರು ವಡೆ ತಿಂದು, ಪುಸ್ತಕ ಮೇಜಿನ ಮೇಲೇ ಬಿಟ್ಟು ಹೊರಟರು. ಹುಡುಗಿ ಕೂಗಿದಳು, “ಅಂಕಲ್, ಪುಸ್ತಕ ಮರೆತ್ರಿ.”

“ಇರ್ಲಿ ಬುಡವ್ವ, ಇನ್ನೊಬ್ಬರಿಗೆ ಆಯ್ತದೆ.”

ಆ ಹುಡುಗಿಗೆ ಆ ಕ್ಷಣದಲ್ಲಿ ಉದ್ಯಮ ಅರ್ಥವಾಯಿತು. ಪುಸ್ತಕಗಳನ್ನೆಲ್ಲ ಮೇಜಿನ ಕೆಳಗೆ ತಳ್ಳಿ, ಬೋರ್ಡು ತಿರುಗಿಸಿ ‘ವಡೆ ಮಾತ್ರ’ ಅಂತ ಬರೆದಳು. ಅತ್ಯುತ್ತಮ ಪುಟಾಣಿ ಲೇಖಕಿ ಪ್ರಶಸ್ತಿ ಅವಳಿಗೇ ಬಂತು.

೪. ನಮ್ಮ ಬೀದಿ

ಆ ಮೇಳದಲ್ಲಿ ಒಬ್ಬ ಹುಡುಗಿಗೆ ಮೇಜು ಸಿಕ್ಕಿರಲಿಲ್ಲ. ಹಲಗೂರಿನವಳು, ತಾಯಿ ಟೈಲರ್. ಮೇಳಕ್ಕೆ ಎರಡು ವಾರ ಮೊದಲು ನೋಟ್‌ಬುಕ್ ಹಿಡಿದು ತಾಯಿಯ ಜೊತೆ ನನ್ನ ಹತ್ತಿರ ಬಂದಿದ್ದಳು. ಪುಸ್ತಕದ ಹೆಸರು ‘ನಮ್ಮ ಬೀದಿ’. ಒಂದು ಪುಟ ಓದಿದವಳು ಟೈಪ್ ಮಾಡುವುದನ್ನೇ ಮರೆತು ಪೂರ್ತಿ ಓದಿದೆ.

‘ಟೀ ಅಂಗಡಿ ಮಾವ ತಾವು ಟೀ ಕುಡಿಯಲು ಎದುರು ಅಂಗಡಿಗೆ ಹೋಗುತ್ತಾರೆ.’

‘ಮೇಲಿನ ಮನೆ ತಾತ ಶನಿವಾರ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಪಂಪ್‌ಸೆಟ್ ಮನೆಯಲ್ಲಿ ತಿನ್ನುತ್ತಾರೆ.’

‘ಮೂಲೆ ಮನೆಯ ಅಣ್ಣ ತಮ್ಮ ನುಗ್ಗೆ ಮರದ ಜಗಳದಿಂದ ಮಾತು ಬಿಟ್ಟಿದ್ದಾರೆ. ಹೇಳುವುದಿದ್ದರೆ ಇಬ್ಬರ ನಡುವೆ ಮಲಗುವ ನಾಯಿಗೆ ಹೇಳುತ್ತಾರೆ. ಅಣ್ಣ “ಲೇ ನಾಯಿ, ಕರೆಂಟು ಬಂತು, ಮೋಟ್ರು ಹಾಕು” ಅನ್ನುತ್ತಾರೆ. ನಾಯಿ ಹಾಕುವುದಿಲ್ಲ. ತಮ್ಮ ಹಾಕುತ್ತಾರೆ.’

ನನಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವಳ ತಾಯಿಗೆ ನಗು ಬರಲಿಲ್ಲ. “ಇದ್ನ ಅಚ್ಚಾಕುದ್ರೆ ಆ ಬೀದೀಲಿ ನಾವು ಬಾಳೋದೆಂಗಕ್ಕ? ನಾಳಿಕ್ಕೆ ಯಾರು ರವಿಕೆ ಒಲಿಯಕೆ ಕೊಡ್ತಾರೆ?”

ಹೆಡ್ಮಾಸ್ಟರ್ ನೋಡಿ, “ಇದರಲ್ಲಿ ನೀತಿ ಎಲ್ಲಿದೆ? ಪ್ರತಿ ಕತೆಯ ಕೊನೆಗೂ ಒಂದು ನೀತಿ ಸೇರಿಸು, ಇಲ್ಲದಿದ್ದರೆ ಮೇಜು ಇಲ್ಲ” ಅಂದರಂತೆ.

“ನಡ್ದಿರೋದೇ ಅಷ್ಟು ಸಾರ್” ಅಂದಳಂತೆ ಹುಡುಗಿ.

ನನಗೆ ಸಿಟ್ಟು ಬಂತು. ಹನ್ನೊಂದು ಸಿಂಹಕ್ಕೆ ಮೇಜು ಉಂಟು, ಈ ಮಗುವಿಗೆ ಇಲ್ಲ. ತಾಯಿಯನ್ನು ಹೇಗೋ ಒಪ್ಪಿಸಿ, ಒಂದಕ್ಷರ ತಿದ್ದದೆ ನೂರು ಪ್ರತಿ ಹಾಕಿಕೊಟ್ಟೆ. ಶಾಲೆಯಲ್ಲಿ ಮೇಜಿಲ್ಲದ ಹುಡುಗಿ ಭಾನುವಾರ ಹಲಗೂರು ಬಸ್ ಸ್ಟಾಪಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂತಳು.

ಮಧ್ಯಾಹ್ನದೊಳಗೆ ನೂರೂ ಖಾಲಿ. ಟೀ ಅಂಗಡಿ ಮಾವ ಹತ್ತು ಕೊಂಡು ಬಿಸ್ಕತ್ತಿನ ಡಬ್ಬದ ಹಿಂದೆ ಬಚ್ಚಿಟ್ಟರು. ಮೇಲಿನ ಮನೆ ತಾತ ಇಪ್ಪತ್ತು ಕೊಂಡು ಪಂಪ್‌ಸೆಟ್ ಮನೆಗೆ ಸಾಗಿಸಿದರು. ಪ್ರತಿಯೊಬ್ಬರೂ ಇನ್ನೊಬ್ಬರು ಓದದಿರಲಿ ಅಂತ ಕೊಂಡವರೇ. ಕೊಂಡ ಮೇಲೆ, ಉಳಿದವರ ಬಗ್ಗೆ ಏನಿದೆ ಅಂತ ಬಾಗಿಲು ಹಾಕಿಕೊಂಡು ಓದಿದವರೇ.

ಸಂಜೆ ತಾಯಿ ಫೋನು ಮಾಡಿ ಅತ್ತಳು. “ಯಾರೂ ಮಾತಾಡುಸ್ತಿಲ್ಲ ಕಣಕ್ಕ. ಮನೆ ಕಾಲಿ ಮಾಡುಸ್ತಾರೋ ಏನೋ.” ನನ್ನ ಆಸೆ ನನಗೆ, ಆ ಬೀದಿಯಲ್ಲಿ ಬದುಕಬೇಕಾದವರು ಅವರು.

ಮಾರನೇ ದಿನ ಬೆಳಿಗ್ಗೆ ಒಂದು ಆಟೋ ಬಂದು ನಿಂತಿತು. ಇಳಿದವರು ಹಲಗೂರಿನ ಒಬ್ಬ ಅಜ್ಜಿ. ಮುಖ ಉರಿಯುತ್ತಿತ್ತು.

“ಆ ಬೀದಿ ಪುಸ್ತಕ ಮಾಡ್ದೋಳು ನೀನೇಯಾ?”

“ಹೌದಜ್ಜಿ” ಅಂದೆ. ಯಜಮಾನರು ಮಿಶನ್ ನಿಲ್ಲಿಸಿ ಹಿಂದಿನ ಬಾಗಿಲ ಕಡೆ ನೋಡಿದರು.

“ನಲವತ್ತು ವರ್ಸದಿಂದ ಆ ಬೀದೀಲಿ ಜಗಳ ಆಡ್ತಾ ಇವ್ನಿ. ಒಂದೊಂದು ಮನೆಗೂ ಆಡಿವ್ನಿ. ನನ್ನ ಮೇಲೆ ಒಂದು ಸಾಲು ಬರ್ದಿಲ್ವಲ್ಲ, ನಾನೇನು ಸತ್ತೋಗಿದ್ನಾ?”

ಹೊಸದಾಗಿ ಅಚ್ಚು ಹಾಕಿ, ತನ್ನದು ಎರಡು ಪುಟವಾದರೂ ಬರಲಿ ಅಂದರು. ಮಧ್ಯಾಹ್ನ ಇನ್ನೂ ಮೂವರು ಅದೇ ದೂರು ತಂದರು. ಟೀ ಅಂಗಡಿಯವರಂತೂ ತಮ್ಮ ಅಂಗಡಿಯ ಹೆಸರು ಬಿಟ್ಟುಹೋಗಿದೆ ಅಂತ ಬೇಸರಪಟ್ಟುಕೊಂಡರು. ಸಂಜೆ ಒಂದೇ ಬೈಕಿನಲ್ಲಿ ಬಂದವರು ಮೂಲೆ ಮನೆಯ ಅಣ್ಣ ತಮ್ಮ.

“ಮಾತು ಬುಟ್ಟವ್ರೆ ಅಂತ ಬರ್ದವ್ಳೆ. ಅದ್ನ ತೆಗ್ದಾಕಿ. ನಾವು ಮಾತಾಡ್ತೀವಿ” ಅಂದ ಅಣ್ಣ.

“ಯಾವಾಗಿಂದ?”

“ನಿನ್ನೆಯಿಂದ” ಅಂದ ತಮ್ಮ.

“ಏನು ಮಾತಾಡಿದ್ರಿ?”

“ಈ ಮಗೀನ ಏನ್ಮಾಡೋದು ಅಂತವ” ಅಂದ ಅಣ್ಣ. ಹೇಳಿ ತಾನೇ ಜೋರಾಗಿ ನಕ್ಕ, ತಮ್ಮನೂ ನಕ್ಕ.

ಆ ತಾಯಿಗೆ ಫೋನು ಮಾಡಿ ಹೇಳಿದೆ. ಆಗಲೇ ಅವಳ ಮನೆಗೆ ನಾಲ್ಕು ರವಿಕೆ ಬಂದಿದ್ದವು, ಒಂದೊಂದರ ಜೊತೆಗೂ ಪುಸ್ತಕಕ್ಕೆ ಸೇರಬೇಕಾದ ಸುದ್ದಿ. ವಿಷಯ ತಿಳಿದ ಹೆಡ್ಮಾಸ್ಟರ್ ಪ್ರೆಸ್ಸಿಗೇ ಓಡಿ ಬಂದರು. “ನೋಡಿದ್ರಾ ಮೇಡಂ, ಕೊನೆಗೂ ನೀತಿ ಸಿಕ್ತು. ಅಣ್ಣ ತಮ್ಮ ಒಂದಾದರು, ಸಹೋದರ ಪ್ರೇಮವೇ ದೊಡ್ಡದು ಅಂತ ಹಾಕಿ, ಮುಂದಿನ ಮೇಳದಲ್ಲಿ ಮೊದಲನೇ ಮೇಜು ಅವಳದೇ.”

ಶನಿವಾರ ಹುಡುಗಿ ಬಂದಾಗ ಆ ನೀತಿ ಹಾಕೋಣವಾ ಅಂತ ಕೇಳಿದೆ. ಕಚ್ಚಿಕೊಂಡಿದ್ದ ಪೆನ್ನು ಬಾಯಿಂದ ತೆಗೆದಳು.

“ನೀತಿ ಬ್ಯಾಡ ಆಂಟಿ. ಕೊನೇಲಿ ಒಂದು ಸಾಲು ಸೇರ್ಸಿ.”

ಅವಳು ಹೇಳಿದಳು, ನಾನು ಟೈಪ್ ಮಾಡಿದೆ:

‘ಈಗ ಆ ನಾಯಿಯನ್ನು ಯಾರೂ ಮಾತಾಡಿಸುವುದಿಲ್ಲ.’