ಎದುರುಮನೆಯವರ ಮೆಮೊರಿ, ನನ್ನ ವಾರಂಟಿ

ನಿವೃತ್ತನಾದ ಮೇಲೆ ಹೊಟ್ಟೆಕಿಚ್ಚೂ ನಿವೃತ್ತಿ ತಗೊಳ್ಳುತ್ತದೆ ಅಂದುಕೊಂಡಿದ್ದೆ. ಇಲ್ಲ ಸ್ವಾಮಿ! ಆಫೀಸಿಗೆ ಹೋಗುತ್ತಿದ್ದಾಗ ಅದಕ್ಕೆ ಭಾನುವಾರವಾದರೂ ರಜೆ ಇತ್ತು, ಈಗ ಅದೂ ಇಲ್ಲ. ಸೇಲಂನ ನಮ್ಮ ಬೀದಿಯಲ್ಲಿ ನನಗೆ ಇಂಥವು ಆಗುತ್ತಲೇ ಇರುತ್ತವೆ. ಈ ಸಲದ್ದಕ್ಕೆ ಕಾರಣ ಎದುರುಮನೆಯವರು.

ಕುಕ್ಕರ್ ಲೆಕ್ಕ

ಎದುರುಮನೆಯವರು ಏರ್ಕಾಡ್ ಘಾಟಿ ಹತ್ತುವ ಬಸ್ಸುಗಳ ಬ್ರೇಕು ನೋಡುತ್ತಿದ್ದ ಡಿಪೋ ಮೆಕ್ಯಾನಿಕ್. ನನ್ನ ಹಾಗೇ ನಿವೃತ್ತರು, ಮನೆಮಾತೂ ನಮ್ಮ ಹಾಗೆ ಕನ್ನಡವೇ. ಅವರು ಎಸ್ಸೆಸ್ಸೆಲ್ಸಿ, ನಾನು ಬಿ.ಎಸ್ಸಿ. ಫಿಸಿಕ್ಸ್. ಇದನ್ನು ನಾನೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಬೇರೆ ಯಾರೂ ಹೇಳುವುದಿಲ್ಲ.

ಒಂದು ದಿನ ಆ ಮನುಷ್ಯ ತನ್ನ ಲ್ಯಾಪ್‌ಟಾಪನ್ನು ತಾನೇ ಬಿಚ್ಚಿ, ಹೊಸ ಮೆಮೊರಿ ಹಾಕಿ, ಮುಚ್ಚಿಬಿಟ್ಟರು. ಆವತ್ತಿನಿಂದ ಬೀದಿಯ ಹೆಂಗಸರೆಲ್ಲ ಅವರನ್ನು ಇಂಜಿನಿಯರ್ ಸಾರ್ ಅನ್ನುವುದಕ್ಕೆ ಶುರು ಮಾಡಿದರು. ನಮ್ಮ ಮನೆಯಾಕೆಯೂ ಸೇರಿ.

"ಅವರ ಲ್ಯಾಪ್‌ಟಾಪು, ಕುಕ್ಕರ್ ಒಂದು ಸೀಟಿ ಹೊಡೆಯೋಷ್ಟರಲ್ಲಿ ಓಪನ್ ಆಗ್ತೈತೆ" ಅಂದಳು.

"ನಂದು?"

"ನಿಮ್ಮದು ಕಡಲೆಕಾಳು ನೆನೆಸಿದ ಹಂಗೆ. ರಾತ್ರಿನೇ ಆನ್ ಮಾಡಿ ಮಲಗಬೇಕು."

ನನ್ನ ಸ್ನೇಹಿತ

ಅವರು ಮಾಡಿದ್ದನ್ನು ನಾನು ಮಾಡಲಾರೆನೇ? ಆದರೆ ಅವರ ಲ್ಯಾಪ್‌ಟಾಪಿನ ವಾರಂಟಿ ಮುಗಿದು ಎಷ್ಟೋ ಕಾಲವಾಗಿತ್ತು. ನನ್ನದಕ್ಕೆ ಇನ್ನೂ ಎರಡು ವರ್ಷ ಬಾಕಿ. ಬಿಚ್ಚಿದರೆ ವಾರಂಟಿ ಹೋದೀತು, ಬಿಚ್ಚದಿದ್ದರೆ ಮಾನ ಹೋದೀತು. ಕಂಪನಿಗೇ ಫೋನ್ ಮಾಡಿ, ನನ್ನ ಗುಟ್ಟು ಬಿಡದೆ ಕೇಳಿದೆ. ಮಾತೆಲ್ಲ ತಮಿಳಿನಲ್ಲೇ ನಡೆಯಿತು.

"ನನ್ನ ಸ್ನೇಹಿತರೊಬ್ಬರು ತಾವೇ ಮೆಮೊರಿ ಹಾಕಬೇಕು ಅಂತಿದಾರೆ. ವಾರಂಟಿ ಹೋಗುತ್ತಾ?"

ಆ ಕಡೆಯ ಹೆಣ್ಣುಮಗಳು ನನ್ನ ಹೆಸರು, ಅಡ್ರೆಸ್ಸು ಕೇಳಿ ಬರೆದುಕೊಂಡು, ಸ್ನೇಹಿತರ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಕೇಳಿದಳು. ನನ್ನ ಲ್ಯಾಪ್‌ಟಾಪನ್ನೇ ತಿರುವಿ ಓದಿದೆ.

"ಸಾರ್, ಇದು ನಿಮ್ಮ ಹೆಸರಲ್ಲೇ ಇದೆಯಲ್ಲ?"

"ನಮ್ಮಿಬ್ಬರದೂ ಒಂದೇ ಹೆಸರಮ್ಮ."

"ಅಡ್ರೆಸ್ಸೂ ಒಂದೇ ಸಾರ್."

"ಒಂದೇ ಮನೇಲಿದೀವಿ."

"ಹಾಗಾದ್ರೆ ಫೋನ್ ಅವರಿಗೇ ಕೊಡಿ ಸಾರ್."

ಕೊಟ್ಟೆ. ಅಂದರೆ, ಎಡಗಿವಿಯಿಂದ ಬಲಗಿವಿಗೆ ಬದಲಿಸಿ, ದನಿ ದಪ್ಪ ಮಾಡಿಕೊಂಡು "ಹಲೋ" ಅಂದೆ. ಅವಳು ನಗುವುದಕ್ಕೆ ಶುರು ಮಾಡಿದಳು ನೋಡಿ, ನಿಲ್ಲಿಸಲೇ ಇಲ್ಲ. ನಾನು ಫೋನ್ ಇಟ್ಟುಬಿಟ್ಟೆ. ವಾರಂಟಿ ಹೋಗುತ್ತದೋ ಇಲ್ಲವೋ ಅನ್ನುವುದು ಕೊನೆಗೂ ತಿಳಿಯಲಿಲ್ಲ.

ಯಾರಿಗೂ ಗೊತ್ತಾಗಬಾರದು

ಮೆಮೊರಿಯನ್ನು ಸೇಲಂನಲ್ಲಿ ಕೊಂಡರೆ ಸುದ್ದಿ ಎದುರುಮನೆಗೆ ಮುಟ್ಟುತ್ತದೆ ಅಂತ ಬಸ್ ಹತ್ತಿ ಓಮಲೂರಿಗೆ ಹೋದೆ. ಅಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ಅಂಗಡಿಯವನಿಗೆ ಮಾಡೆಲ್ ನಂಬರ್ ಬರೆದ ಚೀಟಿ ಕೊಟ್ಟೆ. ಅವನು ಚೀಟಿ ನೋಡಿದ, ನನ್ನ ಮುಖ ನೋಡಿದ.

"ಸೇಲಂನಿಂದ ಬಂದ್ರಾ ಸಾರ್? ಡಿಪೋ ಮೆಕ್ಯಾನಿಕ್ಕಣ್ಣ ಒಬ್ಬರು ಇಲ್ಲೇ ತಗೊಂಡ್ರು. 'ನಮ್ಮ ಎದುರುಮನೆ ಸಾರ್ ನಮ್ಮ ಕಿಟಕೀನೇ ನೋಡ್ತಾ ನಿಂತಿರ್ತಾರೆ, ಇವತ್ತಲ್ಲ ನಾಳೆ ಬಂದೇ ಬರ್ತಾರೆ, ಅವರಿಗೆ ಒಳ್ಳೆ ಸರಕು ಕೊಡು' ಅಂತ ಹೇಳಿ ಹೋಗವ್ರೆ."

ಕೊಟ್ಟದ್ದು ಒಳ್ಳೆಯ ಸರಕೇ. ಅದಕ್ಕೇ ನನಗೆ ಇನ್ನೂ ಉರಿಯಿತು.

ತರ್ಪಣ

ಅದಿಯಮಾನ್‌ಕೋಟೆಯ ತಂಗಿ ಮನೆಗೆ ಮನೆಯಾಕೆ ಹೊರಟ ದಿನವೇ ಮುಹೂರ್ತ ಇಟ್ಟೆ. ಮೈಯಲ್ಲಿ ಕೂತ ಕರೆಂಟು ತಗಲಿದರೆ ಮೆಮೊರಿ ಸಾಯುತ್ತದೆ, ಆಗಾಗ ಲೋಹ ಮುಟ್ಟಬೇಕು ಎಂಬುದು ನನ್ನ ಫಿಸಿಕ್ಸಿಗೆ ಗೊತ್ತಿಲ್ಲದ್ದೇ? ಪಾಲಿಯೆಸ್ಟರ್ ಅಂಗಿ ಬಿಚ್ಚಿಟ್ಟು, ಬರೀ ಮೈಯಲ್ಲಿ ಹತ್ತಿ ಪಂಚೆ ಉಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಕೂತೆ. ಎಡಗಡೆ ಮುಟ್ಟುವುದಕ್ಕೆ ಹಿತ್ತಾಳೆ ಚೊಂಬು. ಎದುರಿಗೆ ಇಡ್ಲಿ ತಟ್ಟೆ, ಒಂದೊಂದು ಗುಳಿಯಲ್ಲಿ ಒಂದೊಂದು ಸ್ಕ್ರೂ, ಉದ್ದದ್ದು ಗಿಡ್ಡದ್ದು ಬೆರೆಯಬಾರದಲ್ಲ!

ಹಿಂಬದಿ ತೆಗೆದೆ. ಬ್ಯಾಟರಿಯ ವಯರು ಕಳಚಿದೆ. ಚೊಂಬು ಮುಟ್ಟಿದೆ. ಮೆಮೊರಿಯನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಅದುಮಿದೆ. ಎರಡೂ ಕಡೆ 'ಟಿಕ್' ಅಂತು. ಅಷ್ಟರಲ್ಲಿ ಬಸ್ ತಪ್ಪಿಸಿಕೊಂಡ ಮನೆಯಾಕೆ ವಾಪಸ್ ಬಂದು ಬಾಗಿಲಲ್ಲಿ ನಿಂತಿದ್ದಳು. ನನ್ನ ಪಂಚೆ ನೋಡಿದಳು, ಚೊಂಬು ನೋಡಿದಳು.

"ಅಯ್ಯೋ, ಇವತ್ತು ಯಾರ್ದು ರೀ ತಿಥಿ?"

"ವಾರಂಟಿದು" ಅಂದೆ.

ನಾನಲ್ಲ

ಲ್ಯಾಪ್‌ಟಾಪು ಕುದುರೆಯಾಯಿತು. ನಾನೇ ಮಾಡಿದೆ ಅಂತ ಬೀದಿಗೆಲ್ಲ ಸಾರಬೇಕು ಎಂದು ಹೊರಡುವಷ್ಟರಲ್ಲಿ, ಸ್ಪೀಕರ್ ಮೂಕವಾಯಿತು. ಮೆಮೊರಿಗೂ ಅದಕ್ಕೂ ಸಂಬಂಧವಿಲ್ಲ ಅಂತ ನನಗೆ ಗೊತ್ತು, ಆದರೆ ಕಂಪನಿಗೆ ಗೊತ್ತಿರಬೇಕಲ್ಲ. ಸರ್ವೀಸಿನವರೊಬ್ಬರು ಮನೆಗೇ ಬಂದರು. ಹಿಂಬದಿ ತೆಗೆದು, ಬೇರೆ ಕಂಪನಿಯ ಮೆಮೊರಿ ಕಂಡು, ತಲೆಯೆತ್ತಿ "ಇದ ಯಾರ್ ಸಾರ್ ಪೋಟ್ಟದು?" ಅಂದರು. ಯಾರು ಹಾಕಿದ್ದು ಅಂತ.

ಎರಡು ವರ್ಷದ ವಾರಂಟಿ ಕಣ್ಣ ಮುಂದೆ ಹೊಗೆಯಾಡಿತು. ಜೊತೆಗೆ ಆ ಹಳೆಯ ಕಿಚ್ಚು. ಬಾಯಿಂದ ಬಂದೇಬಿಟ್ಟಿತು:

"ನಾನಲ್ಲಪ್ಪ! ಎದುರುಮನೆಯವರು. ಬೇಡ ಬೇಡ ಅಂದ್ರೂ ಕೇಳ್ದೆ ಬಿಚ್ಚಿಬಿಟ್ರು!"

"ಬಿಚ್ಚಿದ್ರೆ ತಪ್ಪೇನು ಸಾರ್?" ಅಂದರು ಅವರು. "ಈ ಮಾಡೆಲಲ್ಲಿ ಮೆಮೊರಿ ನೀವೇ ಹಾಕ್ಕೋಬಹುದು, ಜೊತೆಗೆ ಬಂದ ಪುಸ್ತಕದಲ್ಲೇ ಬರೆದಿದೆ. ಹಾಕೋವಾಗ ಏನಾದ್ರೂ ಮುರಿದಿದ್ರೆ ಮಾತ್ರ ಅದಕ್ಕೆ ವಾರಂಟಿ ಇಲ್ಲ. ಇಲ್ಲಿ ಒಂದು ಗೀರೂ ಇಲ್ಲ. ನಮ್ಮಲ್ಲಿ ಟ್ರೈನಿಂಗ್ ಆದವರೇ ಕ್ಲಿಪ್ ಮುರೀತಾರೆ! ಎಂಥ ಕೈ ಸಾರ್! ಅವರನ್ನ ನೋಡ್ಲೇಬೇಕು."

ಸ್ಪೀಕರನ್ನು ಬಿಟ್ಟಿಯಾಗಿ ಬದಲಿಸಿ, ನಾನು ತಡೆಯುವುದರೊಳಗೆ ಬೀದಿ ದಾಟಿಯೇ ಬಿಟ್ಟರು. ಗೇಟಿನಲ್ಲಿ ಎದುರುಮನೆಯವರ ಕೈ ಹಿಡಿದು ಕುಲುಕಿದರು. ಅಕ್ಕಪಕ್ಕದ ಹೆಂಗಸರೆಲ್ಲ ಹೊರಗೆ ಬಂದರು. ಎದುರುಮನೆಯವರು ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ, ಸರ್ವೀಸಿನವರ ಭುಜದ ಮೇಲಿಂದ ನನ್ನನ್ನು ನೋಡಿದರು. ನಾನು ಕರೆಂಟು ಕಂಬ ನೋಡಿದೆ. ಅವರಿಗೆ ಎಲ್ಲ ಅರ್ಥವಾಯಿತು.

"ನಂದೇನೈತಪ್ಪ" ಅಂದರು, ಬೀದಿಗೆಲ್ಲ ಕೇಳುವ ಹಾಗೆ. "ಸಾರ್ ಅಲ್ಲಾಡ್ದೆ ಟಾರ್ಚ್ ಹಿಡ್ಕೊಂಡಿದ್ರು. ಈ ಹೊಗಳಿಕೇಲಿ ಅವರಿಗೂ ಒಂದು ಪಾಲು ಹೋಗಬೇಕು."

ಸರ್ವೀಸಿನವರು ಬೀದಿ ದಾಟಿ ವಾಪಸ್ ಬಂದು ನನ್ನ ಕೈಯನ್ನೂ ಕುಲುಕಿದರು.

"ಟಾರ್ಚ್ ಹಿಡಿಯೋದೂ ಸುಲಭ ಅಲ್ಲ ಸಾರ್" ಅಂದರು.