ಮುಳುಗಲೊಲ್ಲದ ಸೂರ್ಯನೂ ನಮ್ಮತ್ತೆಯ ಊಟವೂ

ನನಗೊಂದು ಕೆಟ್ಟ ಚಟವಿದೆ. ಯಾರನ್ನೇ ಹತ್ತು ನಿಮಿಷ ನೋಡಿದರೂ ಹನ್ನೊಂದನೇ ನಿಮಿಷಕ್ಕೆ ನಾನು ಅವರಾಗಿಬಿಡುತ್ತೇನೆ. ಇಚಲಕರಂಜಿಯ ನಮ್ಮ ಮಗ್ಗದ ಕಾರ್ಖಾನೆಯ ಮಾಲಕರು ಸಿಟ್ಟು ಬಂದಾಗ ಮೊದಲು ಕನ್ನಡಕ ಒರೆಸುತ್ತಾರೆ, ಆಮೇಲೆ ಬೈಯುತ್ತಾರೆ. ನಾನು ಕನ್ನಡಕವೇ ಇಲ್ಲದೆ ಕನ್ನಡಕ ಒರೆಸಿ ತೋರಿಸಿದರೆ ಇಡೀ ಕಚೇರಿ ಹೊಟ್ಟೆ ಹಿಡಿದುಕೊಳ್ಳುತ್ತದೆ. ಒಂದು ಸಲ ಯಾರೂ ನಗಲಿಲ್ಲ. ತಿರುಗಿ ನೋಡಿದರೆ ಬೆನ್ನ ಹಿಂದೆ ಮಾಲಕರು ನಿಂತು ನಿಜವಾದ ಕನ್ನಡಕ ಒರೆಸುತ್ತಿದ್ದರು. ಇಂಥ ಚಟದವರಿಗೆ ಒಂದು ತೊಂದರೆ ಇರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಬೇರೆಯವರ ದನಿಯಲ್ಲಿ ಮಾತಾಡುವಾಗ ನಾವು ಒಂದೊಂದು ಅಕ್ಷರವನ್ನೂ ತೂಗಿ ಆಡುತ್ತೇವೆ. ನಮ್ಮದೇ ದನಿಯಲ್ಲಿ ಬಾಯಿ ತೆರೆದಾಗ ಮಾತ್ರ ತಕ್ಕಡಿ ಮನೆಯಲ್ಲಿ ಬಿಟ್ಟು ಬಂದಿರುತ್ತೇವೆ.

ಹಾಗೆ ತೂಗದೆ ಆಡಿದ ಮಾತೊಂದು ಈ ಬೇಸಿಗೆಯಲ್ಲಿ ನನ್ನ ಕುತ್ತಿಗೆಗೆ ಬಂತು. ಆಡಿದ್ದು ಗಡಹಿಂಗ್ಲಜದಲ್ಲಿ, ನಮ್ಮ ಪದ್ಮಾ ಅತ್ತೆಯ ಪಡಸಾಲೆಯಲ್ಲಿ. "ಅತ್ತೀ, ಐಸ್‌ಲ್ಯಾಂಡ್ ಪ್ಲ್ಯಾನ್ ನನ್ನ ಮ್ಯಾಲ ಬಿಡು. ಹತ್ತು ದಿನದಾಗ ಇಡೀ ದೇಶಾ ಸುತ್ತಸ್ತೇನಿ. ಒಂದ ದಿನಾನೂ ಹೊತ್ತು ಮುಳುಗಿದ ಮ್ಯಾಲ ನಿನಗ ತಾಟು ಹಾಕೂದಿಲ್ಲ. ಇದು ಸಮ್ಮೇದನ ಮಾತು!" ಸಮ್ಮೇದ ಎಂದರೆ ನಾನೇ. ಮಾತು ಮುಗಿಸಿ ಎದೆಯನ್ನೂ ತಟ್ಟಿಕೊಂಡೆ.

ಪದ್ಮಾ ಅತ್ತೆ ನನ್ನ ಅಪ್ಪನ ಅಕ್ಕ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತಳಾದವಳು. ಈಗಲೂ ಪೇಟೆಗೆ ಹೋದರೆ ತರಕಾರಿ ಮಾರುವವರು, ಬ್ಯಾಂಕಿನವರು, ಬಸ್ಸಿನ ಕಂಡಕ್ಟರು ಎಲ್ಲರೂ "ನಮಸ್ಕಾರ್ರೀ ಅಕ್ಕೋರ" ಎನ್ನುತ್ತಾರೆ. ಅವಳು ಪ್ರತಿಯೊಬ್ಬರಿಗೂ ಕುಶಲದ ಬದಲು ಒಂದು ರಾಜಧಾನಿ ಕೇಳುತ್ತಾಳೆ. ಕಣ್ಣು ಮುಚ್ಚಿ ಕರಿಹಲಗೆಯ ಮೇಲೆ ಯಾವ ದೇಶದ ನಕಾಶೆಯನ್ನಾದರೂ ಬರೆಯುವ ಅತ್ತೆ, ಸ್ವತಃ ನೋಡಿದ್ದು ಮಾತ್ರ ಶಿಖರ್ಜಿ, ಶ್ರವಣಬೆಳಗೊಳ ಮತ್ತು ಕೊಲ್ಹಾಪುರದ ಕಣ್ಣಿನ ಆಸ್ಪತ್ರೆ. ಐಸ್‌ಲ್ಯಾಂಡ್ ಮೇಲೆ ಅವಳಿಗೆ ಮನಸ್ಸು ಕೂತದ್ದು ಎಂದಿನಿಂದಲೋ. ಕಾರಣ ಕೇಳಿದರೆ ಹೇಳುತ್ತಿದ್ದಳು, "ಸಣ್ಣ ದೇಶಾ. ಸುತ್ತೂ ಸಮುದ್ರ, ಸುತ್ತೂ ಒಂದs ರಸ್ತಾ. ಹೊಂಟಲ್ಲಿಂದ ಹೊಂಟು, ಬಲಗಡಿಗೆ ನಾಡು, ಎಡಗಡಿಗೆ ನೀರು ಇಟ್ಕೊಂಡು, ಹೊಂಟಲ್ಲೇ ಬಂದು ನಿಂದರೂದು. ಪ್ರದಕ್ಷಿಣಿ ಹಾಕಿಧಂಗ. ಅರ್ಧಾ ನೋಡಿ ಬರೂದು ನನಗ ಸೇರೂದಿಲ್ಲ."

ಗಾಡಿ ಓಡಿಸುವವರು ಬಾಪೂ ಮಾಮಾ, ಅತ್ತೆಯ ಯಜಮಾನರು. ಕಾಗಲದ ಸಕ್ಕರೆ ಕಾರ್ಖಾನೆಗೆ ಜೀವಮಾನವೆಲ್ಲ ಕಬ್ಬಿನ ಲಾರಿ ಓಡಿಸಿದವರು. ಕಬ್ಬಿನ ಲಾರಿ ಓಡಿಸಿದವರಿಗೆ ಪ್ರಪಂಚದ ಯಾವ ರಸ್ತೆಯೂ ಹೆದರಿಕೆ ಹುಟ್ಟಿಸುವುದಿಲ್ಲ. ಹೆದರುವುದು ಮುಂದಿನ ಗಾಡಿಯವರು. "ಮಾಮಾ, ಅಲ್ಲಿ ರಸ್ತಾದ ಬಲಗಡೆ ಓಡಸಬೇಕಾಗ್ತೈತ್ರಿ" ಎಂದೆ. ಮಾಮಾ ಮೀಸೆ ಒರೆಸಿಕೊಂಡು, "ಅದರಾಗೇನೈತಿ? ಕೊಲ್ಹಾಪುರದಾಗ ಎರಡೂ ಕಡೆ ಓಡಿಸೇನಿ" ಎಂದರು. ಆದರೆ ಅವರದೊಂದು ಶರತ್ತು. "ಆಕಿ ಬಂದ್ರ ನಾ ಬಂದೆ. ಆಕಿ ಒಲ್ಲೆ ಅಂದ್ರ ನಾ ಸ್ಟೇರಿಂಗ್ ಮುಟ್ಟೂದಿಲ್ಲ." ನನಗೋ ಬೈಕು ಬಿಟ್ಟರೆ ಬೇರೆ ವಾಹನ ಬರುವುದಿಲ್ಲ. ಅಂದರೆ ಇಡೀ ಪ್ರವಾಸ ನಿಂತದ್ದು ಅತ್ತೆಯ ಒಂದು ಹೂಂ ಮೇಲೆ.

ಅತ್ತೆಯ ಹೂಂ ನಿಂತದ್ದು ಸೂರ್ಯನ ಮೇಲೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ಹನ್ನೆರಡನೆಯ ವಯಸ್ಸಿಗೆ ಬಸದಿಯಲ್ಲಿ ಕೈಮುಗಿದವಳು ಅವಳು. ನಮ್ಮ ಜೈನರ ಮನೆಗಳಲ್ಲಿ ಇದೇನು ಹೊಸದಲ್ಲ. ಆದರೆ ನಮ್ಮಂಥವರು ಈ ನೇಮವನ್ನು ಚಾತುರ್ಮಾಸಕ್ಕೆ ಹೊರತೆಗೆದು ಆಮೇಲೆ ಮಡಿಚಿ ಇಡುತ್ತೇವೆ. ಮಾಮಾ ಮನೆಯಲ್ಲಿ ಪಾಲಿಸುತ್ತಾರೆ, ಲಾರಿಯಲ್ಲಿದ್ದಾಗ ಅವರಿಗೆ "ಸೂರ್ಯ ಸರಿಯಾಗಿ ಕಾಣ್ತಿದ್ದಿಲ್ಲ". ಅತ್ತೆಯದು ಹಾಗಲ್ಲ. ಒಮ್ಮೆ ಅವಳಿದ್ದ ಬಸ್ಸು ಕಾಗಲದ ಹತ್ತಿರ ಕೆಟ್ಟು ನಿಂತು ಕತ್ತಲಾಯಿತು. ಮಡಿಲಲ್ಲಿ ಹೋಳಿಗೆಯ ಡಬ್ಬಿ. ಇವಳು ಅಷ್ಟನ್ನೂ ಬಸ್ಸಿನವರಿಗೆ ಹಂಚಿ, ತಾನು ಎರಡು ಗುಟುಕು ನೀರು ಕುಡಿದು, ಹೋಳಿಗೆ ತಿನ್ನುತ್ತಿದ್ದ ಡ್ರೈವರನಿಗೆ ನಾರ್ವೆಯ ರಾಜಧಾನಿ ಕೇಳುತ್ತ ಕೂತಿದ್ದಳಂತೆ. ನಾನು ಊರಿನ ಎಲ್ಲ ಮದುವೆಗಳಲ್ಲಿ ಮಾಡಿ ತೋರಿಸುವ ಜನಪ್ರಿಯ ನಕಲು ಯಾವುದೆಂದರೆ, ಅತ್ತೆ ಸಂಜೆ ಹಿತ್ತಲಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು, ತಡವಾಗಿ ಬಂದ ಹುಡುಗನನ್ನು ನೋಡುವಂತೆ ಸೂರ್ಯನನ್ನು ನೋಡಿ, "ಹೊಂಟಿ?" ಎನ್ನುವುದು. ಅತ್ತೆಯ ಎದುರಿಗೇ ಮಾಡಿದ್ದೇನೆ. ಅವಳೂ ನಕ್ಕಿದ್ದಾಳೆ. "ಕೈ ಇನ್ನ ಸ್ವಲ್ಪ ಮ್ಯಾಲ ಹಿಡಿ, ಹಣಿ ಮುಚ್ಚಬಾರದು" ಎಂದು ತಿದ್ದಿಯೂ ಇದ್ದಾಳೆ.

ಹೀಗಾಗಿ ನಾನು ಮಾತು ಕೊಟ್ಟೆನಲ್ಲ, ಯೋಜನೆ ಹಾಕಲು ಕೂತೆ. ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅದು: ಬಟ್ಟೆಯ ಗಂಟು ಹೊತ್ತ ಯಾವ ಲಾರಿ ಯಾವ ದಾರಿಯಲ್ಲಿ ಎಷ್ಟು ಹೊತ್ತಿಗೆ ಎಲ್ಲಿರಬೇಕೆಂದು ಬರೆಯುವುದು. ಆ ದೇಶವನ್ನು ಸುತ್ತುವ ರಸ್ತೆ ಸಾವಿರದ ಮುನ್ನೂರು ಕಿಲೋಮೀಟರ್ ಚಿಲ್ಲರೆ. ಕಿಲೋಮೀಟರಿನಲ್ಲಿ ಹೇಳಿದರೆ ಮಾಮಾಗೆ ತಿಳಿಯುವುದಿಲ್ಲ ಎಂದು "ಇವತ್ತು ಎರಡೂವರೆ ಇಚಲಕರಂಜಿ–ಗಡಹಿಂಗ್ಲಜ, ನಾಳೆ ಮೂರು" ಎಂದು ಬರೆದೆ. ಜಲಪಾತ, ಹಿಮದ ಗುಡ್ಡ, ಬಿಸಿನೀರಿನ ಬುಗ್ಗೆ, ಕರಿಮರಳಿನ ದಂಡೆ, ಎಲ್ಲಕ್ಕೂ ಬೇರೆ ಬೇರೆ ಬಣ್ಣ. ಕೊನೆಯ ಕಾಲಂ ಮಾತ್ರ ಹತ್ತೂ ದಿನಕ್ಕೆ ಒಂದೇ: "ಸೂರ್ಯಾಸ್ತದ ಒಂದು ತಾಸು ಮೊದಲು ಅತ್ತೆಯ ಊಟ." ಸಮಯ ಆಮೇಲೆ ತುಂಬಿದರಾಯಿತು ಎಂದು ಖಾಲಿ ಬಿಟ್ಟೆ. ಪ್ರವಾಸ ಜೂನಿನಲ್ಲಿ. ಇಲ್ಲಿ ಮಳೆ ಹಿಡಿಯುವ ಹೊತ್ತು, ಅಲ್ಲಿ ಬೇಸಿಗೆ.

ಒಂದು ಭಾನುವಾರ ಬೆಳಿಗ್ಗೆ ಆ ಖಾಲಿ ಕಾಲಂ ತುಂಬಲು ಕೂತೆ. ಮೊದಲ ದಿನದ ಸೂರ್ಯಾಸ್ತ ರಾತ್ರಿ ಹನ್ನೊಂದೂ ಮುಕ್ಕಾಲು ಎಂದು ಮೊಬೈಲು ತೋರಿಸಿತು. ಅಂಕಿ ತಪ್ಪಾಗಿ ಬಿದ್ದಿರಬೇಕು ಅಂದುಕೊಂಡೆ. ಎರಡನೆಯ ದಿನವೂ ಅದೇ. ಐದನೆಯ ದಿನ ನಾವು ಉತ್ತರದ ದಂಡೆಯಲ್ಲಿರುವಾಗ ಸೂರ್ಯ ಮುಳುಗುವುದು ಮಧ್ಯರಾತ್ರಿ ದಾಟಿ, ಮತ್ತೆ ಏಳುವುದು ನಮ್ಮ ಹಾಲಿನವನಿಗಿಂತ ಮೊದಲು. ಮೊಬೈಲನ್ನು ಆರಿಸಿ ಮತ್ತೆ ಹಚ್ಚಿದೆ. ಸೂರ್ಯ ಜಪ್ಪಯ್ಯ ಅನ್ನಲಿಲ್ಲ.

ನನಗೆ ಮೊದಲು ಆದದ್ದು ಗಾಬರಿಯಲ್ಲ, ಆನಂದ. ಬೈಕು ಹತ್ತಿ ಎರಡು ತಾಸಿನಲ್ಲಿ ಗಡಹಿಂಗ್ಲಜಕ್ಕೆ ಬಂದು ಪಡಸಾಲೆಯಲ್ಲೇ ಕುಣಿದೆ. "ಅತ್ತೀ, ಲಾಟರಿ ಹತ್ತೈತಿ ನಿನಗ! ಅಲ್ಲಿ ಸೂರ್ಯ ಮುಳುಗೂದs ಇಲ್ಲ! ಹನ್ನೊಂದಕ್ಕ ಬೇಕಾದ್ರೂ ಉಣ್ಣು, ಹನ್ನೊಂದೂವರಿಗೆ ಇನ್ನೊಮ್ಮೆ ಉಣ್ಣು!" ಮಾಮಾ ಕೂತಲ್ಲಿಂದಲೇ ತೊಡೆ ತಟ್ಟಿದರು. "ನಾದ ಖುಳಾ!" ಎಂದರು, ಕೊಲ್ಹಾಪುರದ ಕಡೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ. "ಧರ್ಮಾನೂ ಉಳೀತು, ಹೊಟ್ಟೀನೂ ಉಳೀತು. ಏ ಪದ್ಮಾ, ಇನ್ನ ಮ್ಯಾಲ ನಾನೂ ನೇಮಾ ಹಿಡೀತೇನಿ, ಆದ್ರ ಅಲ್ಲೇ ಅಷ್ಟ."

ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಸಮ್ಮೇದ, ಎಂಟನೇ ಇಯತ್ತಾದಾಗ ಭೂಮಿ ವಾಲಿದ್ದಕ್ಕ ಏನೇನಾಗ್ತೈತಿ ಅಂತ ಕೇಳಿದ್ದೆ. ಏನ್ ಬರದಿದ್ದಿ?"

ನಾನು ಅವಳ ವಿದ್ಯಾರ್ಥಿಯಾಗಿದ್ದವನು. ತಟ್ಟನೆ ಒಪ್ಪಿಸಿದೆ: "ಧ್ರುವಗಳ ಸಮೀಪದ ಪ್ರದೇಶಗಳಲ್ಲಿ ಬೇಸಿಗೆಯಲ್ಲಿ ಹಗಲು ಅತಿ ದೀರ್ಘವಾಗಿರುತ್ತದೆ."

"ಮಾರ್ಕ್ಸ್ ಎಷ್ಟ ಬಿದ್ದಿದ್ವು?"

"ಎರಡಕ್ಕ ಎರಡು."

"ಕೊಟ್ಟಾಕಿ ನಾನs. ವಾಪಸ್ ತಗೋಬೇಕಾಗೇತಿ ಈಗ" ಎಂದಳು. ಮೊದಲ ದಿನದಿಂದಲೂ ಅವಳಿಗೆ ಇದು ಗೊತ್ತಿತ್ತು. ತಾನು ಮೂವತ್ತು ವರ್ಷ ಭೂಮಿಗೆ ಮೋಸಂಬಿ, ಸೂರ್ಯನಿಗೆ ಬ್ಯಾಟರಿ ಹಿಡಿದು ತೋರಿಸಿದ್ದು ಒಬ್ಬನ ತಲೆಯಲ್ಲಾದರೂ ಉಳಿದಿದೆಯೇ ಎಂದು ಒಂದು ತಿಂಗಳಿಂದ ಸುಮ್ಮನೆ ಕಾಯುತ್ತಿದ್ದಳು. ನಾನು ಬಣ್ಣ ಬಣ್ಣದ ಕಾಲಂ ಎಳೆಯುತ್ತಿದ್ದೆ.

"ಹಂಗಾರ ನೀ ಬರ್ತಿ ಹೌದಲ್ಲ?" ಎಂದೆ.

"ನಾ ಇನ್ನ ಹೂಂ ಅಂದಿಲ್ಲ. ಹನ್ನೊಂದಕ್ಕ ಉಂಡ್ರ ಅದು ನೇಮಾ ಅನ್ನಸ್ತೈತೇನ? ವಕೀಲಕಿ ಅನ್ನಸ್ತೈತಿ. ನಕಾಶಿ ನೋಡಿ ಇಷ್ಟ ವರ್ಷ ಸುಮ್ನಿದ್ದೇನಿ, ಇನ್ನೂ ಇರ್ತೇನಿ."

ಅವಳು ಅದನ್ನು ಬೇಸರದಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ತಾಗಿತು. ಪಡಸಾಲೆಯ ಗೋಡೆಯ ಮೇಲೆ ಅವಳು ಶಾಲೆಯಿಂದ ತಂದ ಹಳೆಯ ನಕಾಶೆ ಇದೆ. ಅದರಲ್ಲಿ ಐಸ್‌ಲ್ಯಾಂಡಿನ ಅಂಚು ಮಾತ್ರ ಸವೆದು ಹೋಗಿದೆ; ಬೆರಳಿನಿಂದ ಸುತ್ತಿ ಸುತ್ತಿ.

ಮುಂದಿನ ಭಾನುವಾರ ಎರಡನೆಯ ಯೋಜನೆ ತಂದೆ. ಅಲ್ಲಿಯ ಸೂರ್ಯ ನಂಬಿಕೆಗೆ ಯೋಗ್ಯನಲ್ಲ, ಆದ್ದರಿಂದ ಗಡಹಿಂಗ್ಲಜದ ಸೂರ್ಯನನ್ನೇ ಹಿಡಿಯೋಣ. ಇಲ್ಲಿ ಸಂಜೆ ಏಳಾದಾಗ ಅಲ್ಲಿ ಮಧ್ಯಾಹ್ನ ಒಂದೂವರೆ. ಅಷ್ಟರೊಳಗೆ ರಾತ್ರಿಯೂಟ ಮುಗಿಸುವುದು, ಇಲ್ಲಿ ಬೆಳಗಾಗುವ ಹೊತ್ತಿಗೆ, ಅಂದರೆ ಅಲ್ಲಿಯ ಮಧ್ಯರಾತ್ರಿ ಹನ್ನೆರಡೂವರೆಗೆ, ಎದ್ದು ಅವಲಕ್ಕಿ ತಿನ್ನುವುದು. ಮಾಮಾ ಬೆರಳಲ್ಲಿ ತಾಸು ಎಣಿಸಿ ಸೋತರು. "ಇದಕ್ಕಿಂತಾ ಬಸದಿಗೆ ಬಂದ ಮಹಾರಾಜರನ್ನ ಕೇಳೋಣು" ಎಂದರು. ಅತ್ತೆ, "ಜನ್ಮದಾಗ ಗಾಡಿ ಹತ್ತದs ಬರಿಗಾಲಲೆ ನಡಿಯೂ ಮುನಿಗಳಿಗೆ ಡ್ರೈವಿಂಗ್ ಟೈಮ್‌ಟೇಬಲ್ ಕೇಳ್ತೀರೇನ್ರಿ? ಪಾಪ ಬ್ಯಾಡ" ಎಂದಳು.

ಆಮೇಲೆ ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಕೆಂಪು ಪೆನ್ನು ತಂದಳು. ಹತ್ತೂ ದಿನದ ಕೊನೆಯ ಕಾಲಮ್ಮಿನಲ್ಲಿ "ಸೂರ್ಯಾಸ್ತ" ಎಂಬುದನ್ನು ಹೊಡೆದು ಹಾಕಿ, "ಅಲ್ಲಿಯ ಗಡಿಯಾರದಲ್ಲಿ ಸಂಜೆ ಆರು" ಎಂದು ಬರೆದಳು. ಕನ್ನಡಕದ ಮೇಲಿನಿಂದ ನಮ್ಮಿಬ್ಬರನ್ನೂ ನೋಡಿ, "ಇಷ್ಟ ವರ್ಷ ಸೂರ್ಯ ನನ್ನ ಕೈ ಹಿಡದು ಸಾಕು ಅಂದಾನ. ಅಲ್ಲಿ ಅಂವ ಅನ್ನೂದಿಲ್ಲ. ಆದ್ರ ನಾನs ಅನ್ನಬೇಕು. ಬಿಸಿಲು ಬಿದ್ದಿರ್ತೈತಿ, ಹೊಟ್ಟಿ ಹಸದಿರ್ತೈತಿ, ಕೇಳವರು ಯಾರೂ ಇರೂದಿಲ್ಲ. ಆವಾಗ ನಿಂತ್ರ ಅದು ನೇಮಾ" ಎಂದಳು.

ನಾನು ಯಾರ ಮಾತನ್ನೂ ಕೇಳಿದ ಕೂಡಲೇ ನಕಲು ಮಾಡುವವನು, ಆ ಮಾತನ್ನು ಮಾತ್ರ ಇವತ್ತಿಗೂ ಮಾಡಿಲ್ಲ. ಮಾಡಿದರೆ ದನಿ ಬರುತ್ತದೆ, ಉಳಿದದ್ದು ಬರುವುದಿಲ್ಲ.

ಆದರೆ ಸುಮ್ಮನಿದ್ದರೆ ನಾನು ನಾನೇ ಅಲ್ಲವಲ್ಲ. "ಇಷ್ಟs ಏನು? ಹತ್ತೂ ದಿನ ನಾನೂ ನಿನ್ನ ಜೋಡಿ ಆರಕ್ಕ ಬಾಯಿ ಮುಚ್ತೇನಿ" ಎಂದುಬಿಟ್ಟೆ. ನನ್ನದೇ ದನಿ, ತಕ್ಕಡಿ ಮನೆಯಲ್ಲಿ.

ಅತ್ತೆ ಟೀಚರು. ಪರೀಕ್ಷೆಯಿಲ್ಲದೆ ಯಾರನ್ನೂ ಪಾಸು ಮಾಡುವವಳಲ್ಲ. "ಹಂಗಾರ ಒಂದ ದಿನಾ ತಾಲೀಮು ಆಗ್ಲಿ. ಮೂವರಾಗ ಪಾಸಾದವರಷ್ಟs ಹೊಂಡೂದು. ನಾ ಪಾಸಾದ್ರ ಹೂಂ ಅಂತೇನಿ" ಎಂದಳು. ಮೇ ತಿಂಗಳ ಭಾನುವಾರ ಮಾಮಾನ ಕಾರಿನಲ್ಲಿ ನಮ್ಮ ಕಿರು ಪ್ರದಕ್ಷಿಣೆ ಹೊರಟಿತು. ಗಡಹಿಂಗ್ಲಜದಿಂದ ಉತ್ತೂರ, ಕಾಗಲ, ಕೊಲ್ಹಾಪುರ, ಇಚಲಕರಂಜಿ, ಮತ್ತೆ ಗಡಹಿಂಗ್ಲಜ. ಮಾಮಾ ಅಭ್ಯಾಸಕ್ಕೆಂದು ಉತ್ತೂರಿನ ಹತ್ತಿರ ಎರಡು ನಿಮಿಷ ಬಲಗಡೆ ಓಡಿಸಿದರು. ಎದುರಿಗೆ ಬಂದ ಟ್ರ್ಯಾಕ್ಟರಿನವನು ಮರಾಠಿಯಲ್ಲಿ ಅವರ ವಂಶವನ್ನೆಲ್ಲ ವಿಚಾರಿಸಿದ. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಹಿರಣ್ಯಕೇಶಿಯ ಉಪನದಿಗಳನ್ನು ಹೇಳುತ್ತ, ಕಬ್ಬಿನ ಗದ್ದೆಗಳನ್ನು ಹಿಮದ ಬಯಲು ಎಂದುಕೊಂಡು ನೋಡುತ್ತ, ಹುಡುಗಿಯಂತೆ ಖುಷಿಯಾಗಿದ್ದಳು. ಇಚಲಕರಂಜಿ ದಾಟಿ ಐದೂವರೆಗೆ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದೆವು: ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಳ್ಳುಳ್ಳಿಯಿಲ್ಲದ ಖಾರದ ಚುರುಮುರಿ ಭಡಂಗ. ಆರಕ್ಕೆ ಹತ್ತು ನಿಮಿಷ ಇರುವಾಗ ಡಬ್ಬಿ ಮುಚ್ಚಿತು. ನೀರು ಬಿಟ್ಟು ಇನ್ನೇನೂ ಇಲ್ಲ.

ಆರೂ ಹತ್ತಕ್ಕೆ ರಸ್ತೆಯ ಪಕ್ಕದಲ್ಲಿ ಕಬ್ಬಿನ ಹಾಲಿನ ಅಂಗಡಿ. ಗಾಣದ ಗೆಜ್ಜೆ ಝಣಝಣ ಅನ್ನುತ್ತಿತ್ತು. ಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು. ಶೇಂಗಾ ಚಟ್ನಿಯ ಖಾರ ಇನ್ನೂ ನಾಲಿಗೆಯ ಮೇಲಿತ್ತು. ಮಾಮಾ ಟಯರು ನೋಡಲು ಇಳಿದರು, ಅತ್ತೆ ಕಾರಿನಲ್ಲೇ ಇದ್ದಳು. ನಾನು ಕೈಕಾಲು ಸಡಿಲಿಸಲು ಇಳಿದೆ. ಕೈ ಎಷ್ಟು ಸಡಿಲವಾಯಿತೆಂದರೆ ಅದರಲ್ಲಿ ತಾನಾಗಿ ಒಂದು ಗ್ಲಾಸು ಬಂದು ಕೂತಿತ್ತು. ಬಾಯಿಗೆ ಮುಟ್ಟಿಸಬೇಕು, ಬೆನ್ನ ಹಿಂದೆ ನನ್ನದೇ ದನಿ ಕೇಳಿಸಿತು:

"ಊಟಾ ಎಲ್ಲೈತಿ ಅತ್ತೀ, ಇದು ಬರೇ ಹಾಲು! ಸೂರ್ಯ ಇನ್ನಾ ಅದಾನಲ್ಲ! ಇದು ಸಮ್ಮೇದನ ಮಾತು!"

ತಿರುಗಿದೆ. ಅತ್ತೆ ನಿಂತಿದ್ದಳು. ಎಡಗೈಯಿಂದ ಹಣೆಯ ಮೇಲಿನ ಇಲ್ಲದ ಕೂದಲನ್ನು ಹಿಂದೆ ತಳ್ಳಿ, ಒಂದು ಹುಬ್ಬು ಎತ್ತಿ, ಬಲಗೈಯಿಂದ ಎದೆ ತಟ್ಟಿಕೊಂಡಳು. ನಾನು ಹೀಗೆ ಕಾಣುತ್ತೇನೆಂದು ನನಗೆ ಇಪ್ಪತ್ತಾರು ವರ್ಷ ಗೊತ್ತೇ ಇರಲಿಲ್ಲ. ಅಂಗಡಿಯವನು ಗಾಣ ನಿಲ್ಲಿಸಿ ನಕ್ಕ. ಮಾಮಾ ಟಯರು ಹಿಡಿದುಕೊಂಡು ನಕ್ಕರು. ನಾನು ಗ್ಲಾಸನ್ನು ಮಾಮಾ ಕಡೆ ಚಾಚಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, ರಸ್ತೆಯ ಮೇಲೆ ಜನ್ಮದಲ್ಲೇ ಮೊದಲ ಸಲ ಸೂರ್ಯನನ್ನು ಸರಿಯಾಗಿ ನೋಡಿ, "ಆರು ದಾಟ್ಯಾವಪಾ" ಎಂದರು.

ಕಾರಿನಲ್ಲಿ ಕೂತ ಮೇಲೆ ಅತ್ತೆ ಯೋಜನೆಯ ಕಾಗದ ಬಿಚ್ಚಿ ಕೆಂಪು ಪೆನ್ನಿನಲ್ಲಿ ಏನೋ ಬರೆದು ಹಿಂದಿನ ಸೀಟಿಗೆ ಕೊಟ್ಟಳು. ಓದಿದೆ: "ಪದ್ಮಾವತಿ, ಪಾಸ್. ಬಾಪೂ, ಪಾಸ್ (ಆಶ್ಚರ್ಯ). ಸಮ್ಮೇದ, ನಾಪಾಸ್, ನಕಲು ಮಾಡುವಾಗ ಸಿಕ್ಕಿಬಿದ್ದಿಲ್ಲ, ಅಸಲು ಇರುವಾಗ ಸಿಕ್ಕಿಬಿದ್ದಿದ್ದಾನೆ. ಮರುಪರೀಕ್ಷೆ ಬರುವ ಭಾನುವಾರ."

ಐಸ್‌ಲ್ಯಾಂಡಿಗೆ ಅತ್ತೆ ಹೊರಡುವುದು ಈಗ ನಿಶ್ಚಯವಾಗಿದೆ, ಮಾಮಾ ಹೊರಡುವುದೂ ನಿಶ್ಚಯ. ಅವರಿಬ್ಬರೇ ಹೋದರೂ ದಾರಿ ತಪ್ಪುವ ಭಯವಿಲ್ಲ; ಯೋಜನೆ ಅಷ್ಟು ಚೆನ್ನಾಗಿ ಬರೆದಿದ್ದೇನೆ.