ನನ್ನ ಪತ್ರಿಕೆಯೂ ಶಂಭುಲಿಂಗಯ್ಯನವರ ಕೊಬ್ಬರಿಯೂ

ನನ್ನ ಹೆಂಡತಿ ಸುವರ್ಣಮ್ಮನಿಗೆ ನನ್ನಲ್ಲಿ ಎಲ್ಲ ಗುಣಗಳೂ ಕಂಡಿವೆ, ಬರವಣಿಗೆಯೊಂದನ್ನು ಬಿಟ್ಟು. (ಕಂಡ ಗುಣಗಳೆಲ್ಲ ಒಳ್ಳೆಯವೆಂದು ಅವಳು ಎಲ್ಲೂ ಹೇಳಿಲ್ಲ.) ಮದುವೆಯಾದ ಹೊಸದರಲ್ಲಿ ನಾನು ಅವಳ ಮೇಲೆ ಬರೆದ ಕವನವನ್ನು ಅವಳು ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದಳು. "ಕಾಗದ ದಪ್ಪಗಿತ್ತು ಕಣ್ರೀ, ಅದಕ್ಕೇ" ಎಂದು ಸಮಾಧಾನವನ್ನೂ ಹೇಳಿದಳು. ಅಂದಿನಿಂದ ನನಗೆ ಜೀವನದಲ್ಲಿ ಒಂದೇ ಆಸೆ. ಇವಳು ಒಂದು ದಿನವಾದರೂ ನನ್ನ ಬರಹ ಕೇಳಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳಬೇಕು.

ನಾನು ಮರುಳಸಿದ್ದಯ್ಯ, ತಿಪಟೂರಿನಿಂದ ಬಿಳಿಗೆರೆಗೆ ಹೋಗುವ ದಾರಿಯ ಒಂದು ಊರಿನಲ್ಲಿ ನಾಲ್ಕನೇ ಕ್ಲಾಸಿನ ಮೇಷ್ಟ್ರು. ಊಟವಾದ ಮೇಲೆ ಮಕ್ಕಳು ಮಗ್ಗಿ ಹೇಳುತ್ತಿದ್ದರೆ, ಕಿಟಕಿಯಾಚೆ ತೆಂಗಿನ ಗರಿಗಳು ಮೆಲ್ಲಗೆ ತೂಗುತ್ತಿದ್ದರೆ, ನನ್ನ ಕಣ್ಣು ತೆರೆದಿದ್ದರೂ ಮನಸ್ಸು ಎಲ್ಲೋ ಮೋಡದ ಮೇಲೆ ಕಾಲು ಚಾಚಿ ಮಲಗಿರುತ್ತದೆ. ಹಾಗೆ ಮಲಗಿದ್ದಾಗಲೇ ಒಂದು ದಿನ ಹೊಳೆಯಿತು: ಮಕ್ಕಳ ಮನೆಯವರಿಗಾಗಿ ವಾರಕ್ಕೊಂದು ತರಗತಿಯ ಪತ್ರಿಕೆ! ಹೆಸರು 'ಜ್ಞಾನ ಕಲ್ಪವೃಕ್ಷ'. ಸಂಜೆ ಹೊತ್ತು, ಜಗಲಿಯ ಮೇಲೆ ಮಗು ನನ್ನ ವಾಕ್ಯಗಳನ್ನು ಓದುತ್ತಿದೆ; ಅಜ್ಜ ಎಲೆಅಡಿಕೆ ಅಗಿಯುವುದನ್ನು ಮರೆತಿದ್ದಾನೆ; ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ತಾಯಿಗೆ ಅರಿವಿಲ್ಲ. ಊರಿನ ಹಾಲೆಲ್ಲ ನನ್ನ ಕಣ್ಣೆದುರು ಉಕ್ಕಿ ಹರಿಯಿತು.

"ಆ ತಾಯಂದಿರಲ್ಲಿ ಓದೋಕೆ ಬರೋರು ಯಾರ್ರೀ?" ಎಂದಳು ಸುವರ್ಣಮ್ಮ.

"ಮಕ್ಕಳು ಓದಿ ಹೇಳ್ತಾರೆ ಕಣೇ."

"ಮಕ್ಕಳಿಗೆ ಬರುತ್ತಾ?"

ಇದು ನನ್ನ ಪತ್ರಿಕೆಗಲ್ಲ, ನನ್ನ ಪಾಠಕ್ಕೇ ಬಿದ್ದ ಏಟು. ಮಹಾಪುರುಷರು ಇಂಥದ್ದಕ್ಕೆ ಉತ್ತರ ಕೊಡುವುದಿಲ್ಲವಾದ್ದರಿಂದ ನಾನೂ ಕೊಡಲಿಲ್ಲ.

ಮೊದಲ ಸಂಚಿಕೆಯ ಲೇಖನ 'ಉಗುರು ಮತ್ತು ನಾಗರಿಕತೆ'. ತಿಪಟೂರಿನ ಗೆಳೆಯನೊಬ್ಬ ತನ್ನ ಆಫೀಸಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿಗಳನ್ನು ತೆಗೆದುಕೊಟ್ಟ. ಮಸಿ ಅಲ್ಲಲ್ಲಿ ಸ್ವಲ್ಪ ಮೆತ್ತಿಕೊಂಡಿತ್ತು. (ಉಳಿದ ಕಡೆ ಪೂರ್ತಿ ಮೆತ್ತಿಕೊಂಡಿತ್ತು.) ಆದರೂ ಮಕ್ಕಳ ಕೈಗೆ ಹಂಚಿ ಕಾದೆ.

ವಾರ ಕಳೆಯುವುದರೊಳಗೆ ನನ್ನ ಶಿಷ್ಯನೊಬ್ಬನ ತಾಯಿ ಚಿಕ್ಕಗೌರಮ್ಮ ದಾರಿಯಲ್ಲಿ ತಡೆದು ನಿಲ್ಲಿಸಿದಳು. "ಏನ್ ಬರ್ದಿದೀರಿ ಮೇಷ್ಟ್ರೇ! ಕೇಳಿ ಕಳ್ಳು ಚುರಕ್ಕಂತು ಕಣಪ್ಪ."

ಉಗುರಿನ ವಿಷಯಕ್ಕೆ ಕರುಳು ಚುರಕ್ಕೆನ್ನುವುದೇ! "ಎಲ್ಲಿ ಕೇಳಿದ್ರಿ?" ಎಂದೆ.

"ಶಂಭುಲಿಂಗಯ್ನೋರ ಶೆಡ್ಡಲ್ಲಿ. ಕೈಗೆ ಕೆಲ್ಸ, ಕಿವಿಗೆ ಬಿಡುವು. ನಮ್ ಹಸೀನಾ ಮಗಳು ಫಾಮಿದಾ ಇಲ್ವಾ, ಅವಳು ಓದ್ತಾಳೆ."

ಶಂಭುಲಿಂಗಯ್ಯನವರು ನಮ್ಮೂರ ಕೊಬ್ಬರಿ ವ್ಯಾಪಾರಿಗಳು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯೊಳಗೆ ಕೊಬ್ಬರಿ ಕರಟ ಬಿಟ್ಟು ಲೊಡಲೊಡ ಎನ್ನುತ್ತದೆ. ಅವರ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು, ಮಚ್ಚಿನಿಂದ ಹದವಾಗಿ ಏಟು ಹಾಕಿ, ಕರಟ ಬಿಡಿಸಿ, ಕೊಬ್ಬರಿಯನ್ನು ಉಂಡೆಯಾಗಿಯೇ ಹೊರಗೆ ತೆಗೆಯುತ್ತಾರೆ. ಅವರಲ್ಲಿ ಹೆಚ್ಚಿನವರು ನನ್ನ ಕ್ಲಾಸಿನ ತಾಯಂದಿರೇ. ಫಾಮಿದಾ ಕ್ಲಾಸಿನಲ್ಲಿ ಬಾಯಿ ತೆರೆಯದ ಹುಡುಗಿ; ಅವಳನ್ನೂ ವಾಚಾಳಿಯನ್ನಾಗಿ ಮಾಡಿದೆಯಲ್ಲ ನನ್ನ ಗದ್ಯ ಎಂದು ಬೀಗಿದೆ.

ಮೂರನೆಯ ಸಂಚಿಕೆ ಹೊರಬಿದ್ದ ದಿನ ಸುವರ್ಣಮ್ಮ, "ಊರೆಲ್ಲ ಅದೇ ಮಾತು, ಏನಿದೆ ನೋಡ್ಬತ್ತೀನಿ" ಎಂದು ಶೆಡ್ಡಿಗೆ ಹೋದಳು. ವಾಪಸು ಬಂದಾಗ ಕಣ್ಣು ಕೆಂಪಗಿತ್ತು. ನೇರ ಅಡಿಗೆಮನೆಗೆ ಹೋಗಿ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಕಾಯೊಬ್ಬಟ್ಟು ತಟ್ಟಿದಳು. ತುಪ್ಪ ಬಡಿಸುತ್ತಾ, "ನೀವು ಇಂಥೋರು ಅಂತ ಗೊತ್ತೇ ಇರ್ಲಿಲ್ಲ ಕಣ್ರೀ" ಎಂದಳು.

"ಯಾವ ಭಾಗ ಹಿಡಿಸ್ತು?"

"ಕೇಳ್ಬೇಡಿ. ಹೇಳಿದ್ರೆ ಮತ್ತೆ ಅಳು ಬರುತ್ತೆ."

ಆ ಸಂಚಿಕೆಯ ಲೇಖನ ಕಜ್ಜಿಯ ಮೇಲೆ. ಕಜ್ಜಿಗಾಗಿ ಇಷ್ಟು ಮರುಗುವ ಹೆಣ್ಣುಜೀವವನ್ನು ಇಷ್ಟು ವರ್ಷ ತಿಳಿಯದೆ ಹೋದೆನಲ್ಲ ಎಂದು ನನ್ನ ಕಣ್ಣೂ ತುಂಬಿತು. ಆಮೇಲಿನ ದಿನಗಳು ನೆಲದ ಮೇಲೆ ಕಳೆದವು ಎಂದು ಹೇಳಲಾರೆ. ಕೇಳದೆಯೇ ಎರಡನೇ ಲೋಟ ಕಾಫಿ ಬರುತ್ತಿತ್ತು. ನಾನು ಬರೆಯಲು ಕೂತರೆ ಅವಳು ಸೌದೆಯನ್ನೂ ಸದ್ದಾಗದಂತೆ ಮುರಿಯುತ್ತಿದ್ದಳು. ಸಂಜೆಯ ಒಲೆಹೊಗೆ ತೋಟದ ಮೇಲೆ ನೀಲಿಯಾಗಿ ಹರಡಿಕೊಂಡಾಗ, ಇಡೀ ಊರೇ ನನ್ನದೊಂದು ದೀರ್ಘ ವಾಕ್ಯದೊಳಗೆ ವಾಸವಾಗಿದೆ ಎನಿಸುತ್ತಿತ್ತು.

ಹೀಗಿರುವಾಗ ಶಂಭುಲಿಂಗಯ್ಯನವರು ಉರಿಯುತ್ತಾ ಶಾಲೆಗೇ ಬಂದರು.

"ಮೇಷ್ಟ್ರೇ, ಪತ್ರಿಕೆ ನಿಲ್ಲಿಸ್ತೀರೋ ಇಲ್ವೋ?"

"ಏನಾಯ್ತು ಸ್ವಾಮಿ?"

"ಒಬ್ಳೂ ಮಚ್ಚು ಎತ್ತಲ್ಲ! ಒಂದೊಂದು ಕಾಯಿನೂ ಕಿವಿಗಿಟ್ಕೊಂಡು ಕೇಳ್ತಾರೆ. ಲೊಡಲೊಡ ಅಂದ್ರೆ ಮೆಲ್ಲಗೆ ಪಕ್ಕಕ್ಕೆ ಮಲಗಿಸ್ತಾರೆ. ಮಲಗಿಸ್ತಾರೆ ಕಣ್ರೀ, ಕೂಸು ಮಲಗಿಸ್ದಂಗೆ! ಸೋಮವಾರ ಲಾರಿ ಬರುತ್ತೆ, ನಾನು ಏನು ತುಂಬ್ಲಿ?"

ನಾಲ್ಕನೆಯ ಸಂಚಿಕೆಯಲ್ಲಿ ನಾನು 'ಚರಾಚರ ವಸ್ತುಗಳಿಗೆಲ್ಲ ಕಿವಿಗೊಡುವುದೇ ವಿದ್ಯೆಯ ಮೂಲ' ಎಂದು ಬರೆದದ್ದು ನಿಜ. ಇಷ್ಟು ಚಾಚೂ ತಪ್ಪದೆ ಪಾಲಿಸುತ್ತಾರೆಂದು ಯಾರು ಕಂಡಿದ್ದರು? ಮುಖದಲ್ಲಿ ವಿಷಾದವನ್ನೂ ಒಳಗೆ ದಿಗ್ವಿಜಯವನ್ನೂ ಇಟ್ಟುಕೊಂಡು, ಸಂಜೆ ಅವರ ಜೊತೆ ಶೆಡ್ಡಿಗೆ ಹೋದೆ.

ಬಾಗಿಲಲ್ಲೇ ನಿಂತೆವು. ಇಳಿಬಿಸಿಲು ಕರಟದ ರಾಶಿಯ ಮೇಲೆ ಬಿದ್ದಿತ್ತು. ಹೆಂಗಸರು ಮಚ್ಚು ಕೆಳಗಿಟ್ಟು ಕೂತಿದ್ದರು; ನಡುವೆ ಸುವರ್ಣಮ್ಮ, ಮಡಿಲಲ್ಲಿ ಒಂದು ಕಾಯಿ. ಫಾಮಿದಾ ನನ್ನ ಹಾಳೆ ಹಿಡಿದು, ಮಸಿ ಮೆತ್ತಿದ ಕಡೆಯೇ ಬೆರಳು ಓಡಿಸುತ್ತಾ ಹೇಳುತ್ತಿದ್ದಳು:

"ಕಾಯಿ ಬೋರನಕಣಿವೆ ಡ್ಯಾಮ್ ನೀರಲ್ಲಿ ತೇಲ್ತಾ ಇತ್ತು. ಒಳಗೆ ಮಗು ಮಲ್ಗಿತ್ತು. ಗಾಳಿ ಬಂದ್ರೆ ಮಗ್ಗುಲಾಗೋದು, ಲೊಡಲೊಡ ಅನ್ನೋದು. ಅದರ ಅಮ್ಮ ದಡದ ಮೇಲೆ ಜೊತೆಜೊತೆಗೇ ನಡೀತಿದ್ಲು. ಕರೆದ್ರೆ ಮಗೂಗೆ ಎಚ್ಚರ ಆಗುತ್ತೆ, ನೀರಿಗೆ ಬೀಳುತ್ತೆ. ಕರೀದಿದ್ರೆ ದೂರ ಹೋಗ್ಬಿಡುತ್ತೆ..."

ಉಗುರಿಲ್ಲ. ಕಜ್ಜಿಯಿಲ್ಲ. ಅದರಲ್ಲಿ ನನ್ನದೊಂದು ಅಕ್ಷರವೂ ಇರಲಿಲ್ಲ. ಮೈಯೆಲ್ಲ ಉರಿಯಿತು, ಹಾಳೆ ಕಿತ್ತುಕೊಂಡು ಇದು ನನ್ನದಲ್ಲ ಎಂದು ಕೂಗಬೇಕೆನಿಸಿತು. ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಆ ತಾಯಿ ಏನು ಮಾಡಿದಳೆಂದು ತಿಳಿಯುವವರೆಗೆ ನನಗೂ ಉಸಿರಾಡಲು ಆಗಲಿಲ್ಲ.

ಅಷ್ಟರಲ್ಲಿ ಫಾಮಿದಾ ನನ್ನನ್ನು ಕಂಡು ಗಪ್ಪನೆ ನಿಂತಳು. ಮುಖ ಬಿಳಿಚಿತು. ಎಲ್ಲರೂ ತಿರುಗಿದರು.

"ಮೇಷ್ಟ್ರೇ ಬಂದ್ರಲ್ಲ! ಮಗೀಗೆ ಏನೂ ಆಗಲ್ಲ ತಾನೇ?" ಎಂದಳು ಚಿಕ್ಕಗೌರಮ್ಮ.

"ಹೇಳ್ರೀ" ಎಂದಳು ಸುವರ್ಣಮ್ಮ. ಇಷ್ಟು ವರ್ಷದಲ್ಲಿ ಅವಳು ಎಂದೂ ನನ್ನನ್ನು ಹಾಗೆ ನೋಡಿರಲಿಲ್ಲ. ನಿಜ ಹೇಳಿದರೆ ಆ ನೋಟ ಹೋಯಿತು, ಜೊತೆಗೆ ಒಬ್ಬಟ್ಟೂ ಹೋಯಿತು. ನಾನೂ ಬರಹಗಾರನೇ, ಒಂದು ಕಥೆ ಮುಂದುವರಿಸಲಾರೆನೇ? ಗಂಟಲು ಸರಿಪಡಿಸಿಕೊಂಡೆ.

"ಆಗ ಆ ಮಾತೆಯು ಮೊದಲು ಸಾಬೂನಿನಿಂದ ಕೈ ತೊಳೆದಳು. ಉಗುರಿನ ಸಂದುಗಳನ್ನೂ..."

ಶೆಡ್ಡಿನಲ್ಲಿ ಯಾರೋ ಆಕಳಿಸಿದರು.

"ಬುಡಿ ಮೇಷ್ಟ್ರೇ" ಎಂದಳು ಚಿಕ್ಕಗೌರಮ್ಮ, ಕನಿಕರದಿಂದ. "ಬರ್ಯೋಕೆ ಬಂದೋರಿಗೆಲ್ಲ ಹೇಳೋಕೆ ಬರಲ್ಲ. ಮೇಷ್ಟ್ರು ಬರ್ದಿರೋದನ್ನ ನೀನೇ ಓದವ್ವ."

ಸಹಾಯಕ್ಕಾಗಿ ಶಂಭುಲಿಂಗಯ್ಯನವರತ್ತ ನೋಡಿದೆ. ಅವರು ಗೋಣಿಚೀಲದ ಮೇಲೆ ಕೂತು ಒಂದು ಕಾಯನ್ನು ಕಿವಿಗಿಟ್ಟುಕೊಂಡಿದ್ದರು. "ಬೆಳಕಿಗೆ ಅಡ್ಡ ನಿಂತಿದೀರಿ, ಈ ಕಡೆ ಬನ್ನಿ" ಎಂದರು. ಫಾಮಿದಾ ಕತ್ತಲಾಗುವವರೆಗೂ ಆ ತಾಯಿಯನ್ನು ದಡದ ಮೇಲೇ ನಡೆಸಿ, "ಮಿಕ್ಕಿದ್ದು ಮುಂದಿನ ಹಾಳೇಲಿದೆ" ಎಂದು ಎದ್ದಳು.

ಮನೆಗೆ ಹೋಗುವಾಗ ತೋಟದ ದಾರಿಯಲ್ಲಿ ಸುವರ್ಣಮ್ಮ ನನ್ನ ಪಕ್ಕಕ್ಕೇ ನಡೆದಳು. ಯಾವಾಗಲೂ ಮುಂದೆ ಹೋಗಿಬಿಡುವವಳು. ನಿಜ ಹೇಳಲು ನಾನು ಬಾಯಿ ತೆರೆದದ್ದೇ ತಡ, ಅವಳು ತೋಳು ಹಿಡಿದಳು. "ರೀ, ನೀವು ಬರೀರಿ. ನಾನು ಬೇಡ ಅನ್ನಲ್ಲ. ಆದ್ರೆ ನಾಲ್ಕು ಜನದೆದುರು ಬಾಯಿ ಬಿಡ್ಬೇಡಿ. ಬರೆದದ್ದರ ರುಚಿ ಕೆಡುತ್ತೆ." ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಫಾಮಿದಾ ನನ್ನ ಮೇಜಿನ ಹತ್ತಿರ ನಿಂತಳು.

"ಹೊಡೀತೀರಾ ಸಾರ್? ಹಾಳೆ ತುಂಬ ಮಸಿ ಇತ್ತು ಸಾರ್. ಏನೂ ಕಾಣ್ತಿರ್ಲಿಲ್ಲ. ಎಲ್ರೂ ಓದು ಓದು ಅಂದ್ರು..."

ಬೈಯಲು ಎದ್ದವನು ಸುತ್ತ ಯಾರೂ ಇಲ್ಲವೆಂದು ನೋಡಿ, ಮೆಲ್ಲಗೆ ಕೇಳಿದೆ: "ಆ ಅಮ್ಮ ಮಗೂನ ಕರೀತಾಳಾ, ಇಲ್ವಾ?"

ಹುಡುಗಿ ನನ್ನನ್ನು ಅಳೆಯುವಂತೆ ನೋಡಿದಳು. ಹೆದರಿಕೆ ಎಲ್ಲಿಗೆ ಹೋಯಿತೋ.

"ಈ ವಾರ ಎರಡು ಹಾಳೆ ಕೊಡಿ ಸಾರ್, ಒಂದರಲ್ಲಿ ಹಿಡಿಸಲ್ಲ" ಎಂದಳು. "ಅದರಲ್ಲಿ ನೀವು ಏನ್ ಬೇಕಾದ್ರೂ ಬರ್ಕೊಳ್ಳಿ."